ಬಾಲ್ಯದ ನೋವು ಮತ್ತು ಬಸುರಿನ ದಿನಗಳು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ನೀರುಣಿಸುವ ವಿಷಯ ಬರೆದಿದ್ದೆವು. ಒಂದು ಬೇಸಿಗೆ ನೀರಿಲ್ಲದೆ ಬಳಲಿದ ಮರ, ಮಳೆ ಬಿದ್ದ ಕೂಡಲೇ ಹಸಿರಾಗಿ ಕಂಡರೂ ಮೊದಲಿನ ಫಸಲಿಗೆ ಮರಳಲು ಎರಡು ಮೂರು ವರ್ಷ ಬೇಕು ಎಂಬುದು ತೋಟವಿರುವ ನಮಗೆಲ್ಲ ಗೊತ್ತಿರುವ ಮಾತೇ. ಮರದ ವಿಷಯದಲ್ಲಿ ಇದನ್ನು ಒಪ್ಪಿಕೊಳ್ಳುವ ನಾವು ಮನುಷ್ಯರ ವಿಷಯ ಬಂದಾಗ ಮಾತ್ರ "ಚಿಕ್ಕಂದಿನ ಸಂಗತಿಯಲ್ಲವೇ, ಮರೆತುಹೋಗಿರುತ್ತದೆ" ಎಂದು ಸುಮ್ಮನಾಗುತ್ತೇವೆ. ಈ ಸಲ ತೋಟವನ್ನು ಬದಿಗಿಟ್ಟು, ಮಗುವನ್ನು ನಿರೀಕ್ಷಿಸುತ್ತಿರುವ ತಾಯಿ ತಂದೆಯರ ಮನಸ್ಸಿನ ಆರೋಗ್ಯದ ಬಗ್ಗೆ ಬರೆಯುತ್ತಿದ್ದೇವೆ. ಅವರ ಸ್ವಂತ ಬಾಲ್ಯದಲ್ಲಿ ಬಿದ್ದ ಪೆಟ್ಟುಗಳು ಈ ದಿನಗಳಲ್ಲಿ ಹೇಗೆ ಮತ್ತೆ ತಲೆಯೆತ್ತುತ್ತವೆ ಎಂಬುದೇ ಇಲ್ಲಿನ ಮುಖ್ಯ ವಿಷಯ.

ನಮ್ಮ ಮನೆಗಳಲ್ಲಿ ಗರ್ಭಿಣಿಯ ಆರೈಕೆಗೆ ಕೊರತೆಯಿಲ್ಲ. ಏನು ತಿನ್ನಬೇಕು, ಏನು ತಿನ್ನಬಾರದು, ಯಾವ ಮಗ್ಗುಲಲ್ಲಿ ಮಲಗಬೇಕು ಎಂದು ಹೇಳುವವರು ಹತ್ತು ಮಂದಿ. ಆಸ್ಪತ್ರೆಗೆ ಹೋದರೆ ಹಿಮೋಗ್ಲೋಬಿನ್ ಎಷ್ಟು, ಬಿ.ಪಿ. ಎಷ್ಟು, ಸಕ್ಕರೆ ಎಷ್ಟು ಎಂದು ನೋಡುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ. "ರಾತ್ರಿ ನಿದ್ದೆ ಬರುತ್ತದೆಯೇ? ಮನಸ್ಸು ಹೇಗಿದೆ?" ಎಂದು ಕೇಳುವವರು ಮಾತ್ರ ಕಡಿಮೆ. ಕೇಳಿದರೂ "ಎಲ್ಲ ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ. ಮುಂದೆ ಯಾರೂ ಕೆದಕುವುದಿಲ್ಲ. ಬಸುರಿ ಅಂದರೆ ಸಂತೋಷವಾಗಿರಬೇಕು ಎಂದು ನಾವೇ ತೀರ್ಮಾನಿಸಿಬಿಟ್ಟಿರುತ್ತೇವಲ್ಲ!

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಗರ್ಭಿಣಿಯರ ಪೈಕಿ ಶೇಕಡಾ 10ರಷ್ಟು ಮತ್ತು ಬಾಣಂತಿಯರ ಪೈಕಿ ಶೇಕಡಾ 13ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ, ಹೆಚ್ಚಿನದು ಖಿನ್ನತೆ. ನಮ್ಮಂಥ ಬೆಳೆಯುತ್ತಿರುವ ದೇಶಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಗರ್ಭಿಣಿಯರಲ್ಲಿ ಶೇಕಡಾ 15.6, ಬಾಣಂತಿಯರಲ್ಲಿ 19.8. ಗೋವಾದ ಒಂದು ಆಸ್ಪತ್ರೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರೆಂಟು ವಾರಗಳಲ್ಲಿ ಶೇಕಡಾ 23ರಷ್ಟು ತಾಯಂದಿರಿಗೆ ಖಿನ್ನತೆ ಇತ್ತು. ಅಂದರೆ ಸುಮಾರು ನಾಲ್ವರಲ್ಲಿ ಒಬ್ಬಳಿಗೆ. ಇದನ್ನು ಪೇಟೆಯವರ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ.

ಈ ಖಿನ್ನತೆಗೆ ಬಡತನ, ಗಂಡನ ಕುಡಿತ, ಮನೆಯ ಜಗಳ, ಗಂಡು ಮಗು ಬೇಕೆಂಬ ಒತ್ತಾಯ ಹೀಗೆ ಅನೇಕ ಕಾರಣಗಳಿವೆ. ಅವುಗಳ ಬಗ್ಗೆ ಅಲ್ಲಲ್ಲಿ ಬರೆಯುತ್ತಾರೆ, ಮಾತಾಡುತ್ತಾರೆ. ಯಾರೂ ಅಷ್ಟಾಗಿ ಮಾತಾಡದ ಕಾರಣವೆಂದರೆ ಬಾಲ್ಯದ ಪೆಟ್ಟು.

ಪೆಟ್ಟು ಅಂದರೆ ಯಾವುದು?

ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಬೊಜ್ಜು ಇಳಿಸುವ ಚಿಕಿತ್ಸಾ ಕೇಂದ್ರ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಸೋಜಿಗವಾಯಿತು. ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿದಾಗ ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರೆಂದು ತಿಳಿದುಬಂತು. ಮುಂದೆ ಫೆಲಿಟ್ಟಿಯವರು ರಾಬರ್ಟ್ ಆಂಡಾ ಎಂಬ ಇನ್ನೊಬ್ಬ ವೈದ್ಯರೊಂದಿಗೆ ಸೇರಿ 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಅನುಭವಗಳನ್ನೂ ಇಂದಿನ ಆರೋಗ್ಯವನ್ನೂ ತಾಳೆ ನೋಡಿದರು. ಮೊದಲ ವರದಿ 1998ರಲ್ಲಿ ಪ್ರಕಟವಾಯಿತು.

ಅವರು ಪಟ್ಟಿ ಮಾಡಿದ ಪೆಟ್ಟುಗಳು ಒಟ್ಟು ಹತ್ತು ಬಗೆ. ಹೊಡೆತ, ಬೈಗುಳ ಮತ್ತು ಅವಮಾನ, ಲೈಂಗಿಕ ಹಿಂಸೆ, ಊಟ ಬಟ್ಟೆಯ ನಿರ್ಲಕ್ಷ್ಯ, ಪ್ರೀತಿಯ ನಿರ್ಲಕ್ಷ್ಯ, ತಾಯಿಗೆ ಹೊಡೆಯುವುದನ್ನು ಕಣ್ಣಾರೆ ನೋಡುವುದು, ಮನೆಯಲ್ಲಿ ಕುಡಿತ, ಮನೆಯವರಿಗೆ ಮಾನಸಿಕ ಕಾಯಿಲೆ, ತಂದೆ ತಾಯಿ ಬೇರೆಯಾಗುವುದು, ಮನೆಯವರೊಬ್ಬರು ಜೈಲಿಗೆ ಹೋಗುವುದು. ಸುಮಾರು ಮೂವರಲ್ಲಿ ಇಬ್ಬರು ಇವುಗಳಲ್ಲಿ ಒಂದನ್ನಾದರೂ ಅನುಭವಿಸಿದ್ದರು. ಪೆಟ್ಟಿನ ಬಗೆಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಪ್ರಯತ್ನ ಮಾತ್ರವಲ್ಲ, ಹೃದಯದ ಕಾಯಿಲೆಯೂ ಹೆಚ್ಚಾಗಿ ಕಂಡಿತು.

ಈಗ ಕೆಲವು ಕಡೆ ಈ ಹತ್ತು ಪ್ರಶ್ನೆಗಳನ್ನು ಅಂಕಪಟ್ಟಿಯಂತೆ ಕೊಟ್ಟು "ನಿಮ್ಮ ಅಂಕ ಎಷ್ಟು ನೋಡಿಕೊಳ್ಳಿ" ಎನ್ನುತ್ತಾರೆ. ಇದು ಸರಿಯಲ್ಲ. ಇಂಥ ಅಂಕದಿಂದ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲಾಗದೆಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಸಾವಿರಾರು ಜನರ ಲೆಕ್ಕಕ್ಕೆ ಹೊಂದುವ ಮಾತು ಒಬ್ಬಳೇ ಹೆಣ್ಣುಮಗಳ ಬಾಳಿಗೆ ಹೊಂದಲೇಬೇಕೆಂದಿಲ್ಲ.

ನಮ್ಮ ದೇಶದಲ್ಲಿ ಇದೆಲ್ಲ ಕಡಿಮೆ ಎಂದು ತಿಳಿಯುವವರಿದ್ದಾರೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ವರದಿ ಪ್ರಕಟಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳವನ್ನು ಕಂಡಿದ್ದರು, ಅವರಲ್ಲಿ ಗಂಡುಮಕ್ಕಳೂ ಕಡಿಮೆಯಿರಲಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ತಾಯಿ ತಂದೆಯರಾಗುವ ವಯಸ್ಸಿನಲ್ಲಿದ್ದಾರೆ ಎಂಬುದನ್ನು ನಾವು ಗಮನಿಸಬೇಕು.

ಬಸುರಿನ ಕಾಲದಲ್ಲೇ ಏಕೆ?

ಹೊಡೆತ, ಕೂಗಾಟ, ಭಯದ ಮನೆಯಲ್ಲಿ ಬೆಳೆದ ಮಗುವಿನ ಶರೀರ ಸದಾ ಎಚ್ಚರದ ಸ್ಥಿತಿಯಲ್ಲಿರಲು ಕಲಿಯುತ್ತದೆ. ಭಯ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುವುದು ಸಹಜ. ಭಯ ಹೋದ ಮೇಲೆ ಅವು ಇಳಿಯಬೇಕು. ವರ್ಷಗಟ್ಟಲೆ ಭಯದಲ್ಲೇ ಇದ್ದವರಲ್ಲಿ ಈ ಏರಿಳಿತದ ಕ್ರಮವೇ ಕೆಡುತ್ತದೆ. ದೊಡ್ಡವರಾಗಿ, ಕೆಲಸ, ಮದುವೆ ಎಂದು ದಿನ ಸಾಗುವಾಗ ಅದು ಹೊರಗೆ ಕಾಣದೆ ಇರಬಹುದು.

ಬಸುರಾದಾಗ ಸಂಗತಿ ಬದಲಾಗುತ್ತದೆ. ಹಾರ್ಮೋನುಗಳು ಬದಲಾಗುತ್ತವೆ, ನಿದ್ದೆ ಕೆಡುತ್ತದೆ, ತನ್ನ ಶರೀರ ತನ್ನ ಹಿಡಿತದಲ್ಲಿಲ್ಲ ಎನಿಸುತ್ತದೆ. ಅಪರಿಚಿತರು ಹೊಟ್ಟೆ ಮುಟ್ಟಿ ನೋಡುತ್ತಾರೆ, ಒಳಪರೀಕ್ಷೆ ಮಾಡುತ್ತಾರೆ. ಚಿಕ್ಕಂದಿನಲ್ಲಿ ಯಾರೋ ಮುಟ್ಟಬಾರದಂತೆ ಮುಟ್ಟಿದ ಹೆಣ್ಣುಮಗಳಿಗೆ ಆಸ್ಪತ್ರೆಯ ಆ ಮಂಚದ ಮೇಲೆ ಮೈ ಸೆಟೆದುಕೊಳ್ಳಬಹುದು, ಉಸಿರು ಕಟ್ಟಿದಂತಾಗಬಹುದು. ಏಕೆಂದು ಅವಳಿಗೇ ಅರ್ಥವಾಗದು. ತಪಾಸಣೆಯ ದಿನ ಬಂದಾಗಲೆಲ್ಲ ನೆಪ ಹೇಳಿ ತಪ್ಪಿಸಿಕೊಳ್ಳುವ ಗರ್ಭಿಣಿಯನ್ನು ನಾವು ಸೋಮಾರಿ, ಹಟಮಾರಿ ಎಂದು ಬೈಯುತ್ತೇವೆ. ಕಾರಣ ಬೇರೆ ಇರಬಹುದೆಂದು ಯೋಚಿಸುವುದಿಲ್ಲ.

ಇನ್ನೊಂದು ವಿಷಯ. ಮಗು ಬರುತ್ತದೆ ಎಂದಾಗ ಎಲ್ಲರಿಗೂ ತಮ್ಮ ಬಾಲ್ಯ ನೆನಪಾಗುತ್ತದೆ. ಒಳ್ಳೆಯ ಬಾಲ್ಯ ಇದ್ದವರು ಅಜ್ಜಿ ಹೇಳಿದ ಕತೆ, ಅಮ್ಮ ಮಾಡಿದ ತಿಂಡಿ ನೆನೆಯುತ್ತಾರೆ. ಅದಿಲ್ಲದವರಿಗೆ ಬರುವುದು "ನಾನೂ ನನ್ನ ಅಮ್ಮನ ಹಾಗೇ ಆಗಿಬಿಟ್ಟರೆ?" ಎಂಬ ಹೆದರಿಕೆ. ಈ ಹೆದರಿಕೆಯನ್ನು ಗಂಡನಿಗೂ ಹೇಳದೆ ಒಂಬತ್ತು ತಿಂಗಳು ಹೊತ್ತವರು ನಮ್ಮ ನಡುವೆ ಇದ್ದಾರೆ.

ತವರಿಗೆ ಹೋಗಲು ಒಲ್ಲೆ ಎಂದರೆ

ಏಳನೇ ತಿಂಗಳಲ್ಲಿ ಮಡಿಲು ತುಂಬಿ ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವುದು ನಮ್ಮ ಎಲ್ಲ ಜಾತಿ ಮತಗಳವರಲ್ಲೂ ಇರುವ ರೂಢಿ. ಒಳ್ಳೆಯ ರೂಢಿಯೇ. ಗಂಡನ ಮನೆಯ ಕೆಲಸದಿಂದ ಬಿಡುವು, ಅಮ್ಮನ ಕೈಯ ಊಟ, ಬಾಣಂತನದ ಎಣ್ಣೆನೀರು ಇವುಗಳಿಂದ ಎಷ್ಟೋ ತಾಯಂದಿರ ಆರೋಗ್ಯ ಉಳಿದಿದೆ.

ಆದರೆ ಒಬ್ಬಳು ಒಲ್ಲೆ ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಕಾರಣ ಹೇಳುವುದಿಲ್ಲ. ದಿನ ಹತ್ತಿರ ಬಂದಂತೆ ಊಟ ಸೇರುವುದಿಲ್ಲ, ರಾತ್ರಿ ಎದ್ದು ಕೂರುತ್ತಾಳೆ. ಅತ್ತೆ "ತವರಿನವರಿಗೆ ಖರ್ಚಾಗುತ್ತದೆಂದು ಸಂಕೋಚ" ಎನ್ನುತ್ತಾರೆ; ತಾಯಿ "ಗಂಡನನ್ನು ಬಿಟ್ಟಿರಲಾರಳು" ಎಂದು ನಗುತ್ತಾರೆ. ಅವಳಿಗೆ ಮಾತ್ರ ಗೊತ್ತಿರುವುದೇನೆಂದರೆ, ಆ ಮನೆಯಲ್ಲೇ ಅವಳು ಒಂಬತ್ತನೇ ವಯಸ್ಸಿನಲ್ಲಿ ತಂದೆಯ ಬೆಲ್ಟಿನೇಟು ತಿಂದಿದ್ದಾಳೆ, ಅಥವಾ ಆ ಮನೆಗೆ ದಿನವೂ ಬಂದುಹೋಗುವ ಒಬ್ಬ ಹಿರಿಯ ನೆಂಟನಿಂದ ಹೇಳಲಾಗದ್ದನ್ನು ಸಹಿಸಿದ್ದಾಳೆ. ಆ ನೆಂಟ ಈಗಲೂ ಬರುತ್ತಾನೆ, "ಮಗು ಯಾರ ಹಾಗಿದೆ ನೋಡೋಣ" ಎಂದು ತೊಟ್ಟಿಲಿಗೆ ಬಗ್ಗುತ್ತಾನೆ. ಹಿಂಸೆಯಾದ ಮನೆಗೇ ಹಿಂಸೆಗೊಳಗಾದವಳನ್ನು, ಅದೂ ಅವಳು ಅತ್ಯಂತ ಬಲಹೀನಳಾಗಿರುವ ಹೊತ್ತಿನಲ್ಲಿ, ಸಂಭ್ರಮದಿಂದ ಕಳುಹಿಸಿಕೊಟ್ಟಂತಾಗುತ್ತದೆ.

ಎಲ್ಲ ಒಲ್ಲೆಗಳ ಹಿಂದೆಯೂ ಇಂಥ ಕತೆ ಇರುತ್ತದೆ ಎಂದು ನಾವು ಹೇಳುತ್ತಿಲ್ಲ. ದಾರಿ ಸರಿಯಿಲ್ಲ, ಆಸ್ಪತ್ರೆ ದೂರ ಎಂಬಂಥ ನೇರ ಕಾರಣಗಳೂ ಇರುತ್ತವೆ. ನಮ್ಮ ಕೋರಿಕೆ ಇಷ್ಟೇ: ಒಲ್ಲೆ ಎಂದವಳನ್ನು ರೂಢಿಯ ಹೆಸರಿನಲ್ಲಿ ಬಲವಂತ ಮಾಡಬೇಡಿ. ಕಾರಣವನ್ನು ಎಲ್ಲರ ಮುಂದೆ ಕೇಳಿ ಕಾಡಬೇಡಿ. ಗಂಡನ ಮನೆಯಲ್ಲೇ ಬಾಣಂತನ ಮಾಡಿದರೆ ಯಾರ ಮಾನವೂ ಹೋಗುವುದಿಲ್ಲ. ಅವಳು ನಂಬುವ ಚಿಕ್ಕಮ್ಮನೋ ಅಕ್ಕನೋ ಬಂದು ಜೊತೆಗಿರಬಹುದು. ಅವಳಾಗಿ ಹೇಳಿದರೆ ನಂಬಿ. "ಈಗೇಕೆ ಆ ಮಾತು, ಅವರು ಹಿರಿಯರು" ಎಂಬ ಉತ್ತರವನ್ನು ಅವಳು ಹಿಂದೆಯೂ ಒಮ್ಮೆ ಕೇಳಿರುತ್ತಾಳೆ. ಆ ವ್ಯಕ್ತಿ ಇಂದೂ ಬೇರೆ ಮಕ್ಕಳ ನಡುವೆ ಓಡಾಡಿಕೊಂಡಿದ್ದರೆ ಆ ಮಕ್ಕಳನ್ನು ಕಾಪಾಡುವುದು ದೊಡ್ಡವರ ಕೆಲಸ. ಮಕ್ಕಳ ಸಹಾಯವಾಣಿ 1098. ಕಾನೂನು 2012ರ ಪೋಕ್ಸೋ ಕಾಯಿದೆ.

ತಂದೆಯಾಗುವವನು

ಗಂಡಸರ ಮಾತು ಬಂದರೆ ನಾವೆಲ್ಲ ನಗುತ್ತೇವೆ: "ಅವನಿಗೇನು, ಹೆರುವವಳು ಅವಳು." 2010ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಹೆಂಡತಿಯ ಬಸುರು ಬಾಣಂತನದ ಕಾಲದಲ್ಲಿ ಸುಮಾರು ಶೇಕಡಾ 10ರಷ್ಟು ತಂದೆಯರಲ್ಲೂ ಖಿನ್ನತೆ ಕಂಡುಬಂತು. ಗಂಡಸಿನ ಖಿನ್ನತೆ ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ಮನೆಗೆ ತಡವಾಗಿ ಬರುವುದು, ಕುಡಿತ ಹೆಚ್ಚುವುದು, ಇದ್ದಕ್ಕಿದ್ದಂತೆ ಹೆಚ್ಚು ದುಡಿಮೆಗೆ ಬೀಳುವುದು, ಇವು ಅದರ ವೇಷಗಳು. ಕುಡಿದು ಬಂದ ಅಪ್ಪನಿಗೆ ಹೆದರಿ ಹಟ್ಟಿಯಲ್ಲಿ ಅಡಗಿ ಕುಳಿತ ಹುಡುಗ ಇಪ್ಪತ್ತು ವರ್ಷದ ನಂತರ ತಾನೇ ಅಪ್ಪನಾಗುವಾಗ ಆ ಹಟ್ಟಿಯನ್ನು ಮರೆತಿರುವುದಿಲ್ಲ. ನಮ್ಮ ಕಡೆಯ ಯುವಕರಲ್ಲಿ ಅನೇಕರು ಗಲ್ಫ್ ದೇಶಗಳಲ್ಲಿ ಒಂದೇ ಕೋಣೆಯಲ್ಲಿ ಆರು ಮಂದಿಯೊಂದಿಗೆ ಇದ್ದುಕೊಂಡು ಹೆಂಡತಿಯ ಸ್ಕ್ಯಾನಿಂಗ್ ಚಿತ್ರವನ್ನು ಫೋನಿನಲ್ಲಿ ನೋಡುತ್ತಾರೆ. ಅವರಿಗೆ ಹೇಳಿಕೊಳ್ಳಲು ಯಾರೂ ಇಲ್ಲ.

ಹಣೆಬರಹವಲ್ಲ

ಇಷ್ಟು ಓದಿದಾಗ "ಹಾಗಾದರೆ ಪೆಟ್ಟು ತಿಂದವರೆಲ್ಲ ತಮ್ಮ ಮಕ್ಕಳಿಗೂ ಪೆಟ್ಟು ಕೊಡುತ್ತಾರೆಯೇ?" ಎಂಬ ಪ್ರಶ್ನೆ ಏಳುತ್ತದೆ. ಇಲ್ಲ. ಹೆಚ್ಚಿನವರು ಕೊಡುವುದಿಲ್ಲ.

1975ರಲ್ಲಿ ಸೆಲ್ಮಾ ಫ್ರೈಬರ್ಗ್ ಎಂಬಾಕೆ ತಮ್ಮ ಸಹೋದ್ಯೋಗಿಗಳೊಂದಿಗೆ ಅಮೆರಿಕದ ಮಿಷಿಗನ್ನಿನಲ್ಲಿ ಮಾಡಿದ ಕೆಲಸದ ಬಗ್ಗೆ ಒಂದು ಲೇಖನ ಬರೆದರು. ಅದರ ಹೆಸರನ್ನು ಕನ್ನಡದಲ್ಲಿ "ತೊಟ್ಟಿಲ ಕೋಣೆಯ ಪ್ರೇತಗಳು" ಎನ್ನಬಹುದು. (ಭೂತ ಎನ್ನಬಹುದಿತ್ತು, ಆದರೆ ತುಳುನಾಡಿನ ಬದಿಯ ನಮಗೆ ಭೂತವೆಂದರೆ ಅರ್ಥವೇ ಬೇರೆ.) ಹೆತ್ತವರ ಹಳೆಯ ನೋವುಗಳು ಕರೆಯದೆ ಬಂದು ಹೊಸ ಮಗುವಿನ ತೊಟ್ಟಿಲ ಬಳಿ ನಿಲ್ಲುತ್ತವೆ ಎಂಬುದು ಆಕೆಯ ಮಾತಿನ ತಾತ್ಪರ್ಯ. ಅವರು ವಿವರಿಸಿದ ಒಬ್ಬ ಎಳೆಯ ತಾಯಿ ತನ್ನ ಐದಾರು ತಿಂಗಳ ಮಗು ಅಳುತ್ತಿದ್ದರೂ ಕೇಳಿಸದವಳಂತೆ ದೂರ ನೋಡುತ್ತ ಕುಳಿತಿರುತ್ತಿದ್ದಳು. ಬೇರೆಯವರಾಗಿದ್ದರೆ "ಮಗುವನ್ನು ಎತ್ತಿಕೋ" ಎಂದು ಗದರುತ್ತಿದ್ದರು. ಮನೆಗೆ ಹೋಗುತ್ತಿದ್ದ ಚಿಕಿತ್ಸಕಿ ಹಾಗೆ ಮಾಡಲಿಲ್ಲ. ಆ ತಾಯಿಯ ಸ್ವಂತ ಬಾಲ್ಯದ ಕತೆಯನ್ನು ಕೇಳಿದರು. ಅವಳ ಅಳುವನ್ನೂ ಚಿಕ್ಕಂದಿನಲ್ಲಿ ಯಾರೂ ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವಳು ತಾನೇ ಅತ್ತಳು, ಆಮೇಲೆ ಮಗುವನ್ನು ಎತ್ತಿ ಎದೆಗೊತ್ತಿಕೊಳ್ಳತೊಡಗಿದಳು. ತಮಗೆ ಏನಾಯಿತು ಎಂಬುದಷ್ಟೇ ಅಲ್ಲ, ಆಗ ಎಷ್ಟು ನೋವಾಯಿತು ಎಂಬುದನ್ನೂ ನೆನಪಿಟ್ಟುಕೊಂಡು ಹೇಳಬಲ್ಲವರು ಅದನ್ನು ಮಕ್ಕಳ ಮೇಲೆ ತೀರಿಸುವುದಿಲ್ಲ ಎಂಬುದು ಫ್ರೈಬರ್ಗ್ ಕಂಡುಕೊಂಡ ವಿಷಯ. "ನಾಲ್ಕು ಬಿಗಿದರು, ಅದರಿಂದಲೇ ನಾನು ಮನುಷ್ಯನಾದೆ" ಎಂದು ನಗುತ್ತ ಹೇಳುವವರ ಬಗ್ಗೆ ನಮಗೆ ಹೆಚ್ಚು ಚಿಂತೆಯಾಗುವುದು ಇದಕ್ಕೇ.

ಮಿನ್ನೆಸೋಟಾ ರಾಜ್ಯದಲ್ಲಿ ಬಡ ಗರ್ಭಿಣಿಯರನ್ನು 1970ರ ದಶಕದಿಂದ ವರ್ಷಗಟ್ಟಲೆ ಗಮನಿಸಿದ ಸಂಶೋಧಕರು 1988ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದರು. ಬಾಲ್ಯದಲ್ಲಿ ಹಿಂಸೆ ಅನುಭವಿಸಿದರೂ ಮಕ್ಕಳನ್ನು ಚೆನ್ನಾಗಿ ಬೆಳೆಸಿದ ತಾಯಂದಿರಲ್ಲಿ ಅವರು ಮೂರು ಸಂಗತಿಗಳನ್ನು ಕಂಡರು: ಚಿಕ್ಕಂದಿನಲ್ಲಿ ಹಿಂಸೆ ಮಾಡದ ಒಬ್ಬ ಹಿರಿಯರಾದರೂ ಪ್ರೀತಿ ತೋರಿದ್ದು, ಯಾವಾಗಲಾದರೂ ಮನಸ್ಸಿನ ಚಿಕಿತ್ಸೆ ಪಡೆದದ್ದು, ಈಗ ಜೊತೆಗಿರುವ ಗಂಡ ಆಸರೆಯಾಗಿರುವುದು. ಮೊದಲನೆಯದು ಕಳೆದುಹೋದ ಕಾಲದ್ದು. ಉಳಿದೆರಡು ಇಂದು ಆಗಬಹುದಾದವು.

ನಾವು ಮಾಡಬಹುದಾದದ್ದು

ಮನೆಯವರೋ ಆಶಾ ಕಾರ್ಯಕರ್ತೆಯೋ ಗುಟ್ಟಾಗಿ, ಆತುರವಿಲ್ಲದೆ ಎರಡು ಪ್ರಶ್ನೆ ಕೇಳಿದರೆ ಒಳ್ಳೆಯ ಆರಂಭ. ಕಳೆದೊಂದು ತಿಂಗಳಲ್ಲಿ ಮನಸ್ಸು ಕುಗ್ಗಿ, ಆಸೆ ಬತ್ತಿದಂತೆ ಪದೇ ಪದೇ ಅನಿಸಿದೆಯೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಒಂದಕ್ಕಾದರೂ ಹೌದೆಂದರೆ ವೈದ್ಯರಿಗೆ ತಿಳಿಸಬೇಕು. ವೈದ್ಯರ ಬಳಿ ಎಡಿನ್‌ಬರೋ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇರುತ್ತದೆ; 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದ ಇದರ ಕನ್ನಡ ರೂಪವನ್ನು ಕರ್ನಾಟಕದ ಹಳ್ಳಿಯ ಗರ್ಭಿಣಿಯರಲ್ಲಿ ಪರೀಕ್ಷಿಸಿ ನೋಡಲಾಗಿದೆ.

ಕನ್ನಡ ರೂಪ ಎಂದು ಒತ್ತಿ ಹೇಳಲು ಕಾರಣವಿದೆ. ಗಡಿನಾಡಿನಲ್ಲಿರುವ ನಾವು ರೇಷನ್ ಅಂಗಡಿಯಲ್ಲಿ, ಪಂಚಾಯತಿನಲ್ಲಿ ಮಲಯಾಳದಲ್ಲಿ ಹೇಗೋ ವ್ಯವಹರಿಸುತ್ತೇವೆ. ತಲೆನೋವು, ವಾಂತಿ ಎಂದು ಡಾಕ್ಟರರಿಗೂ ಹೇಳುತ್ತೇವೆ. ಆದರೆ ಎಂಟನೇ ವಯಸ್ಸಿನಲ್ಲಿ ಆದ ನೋವು ಎಂಟನೇ ವಯಸ್ಸಿನ ಭಾಷೆಯಲ್ಲೇ ಹೊರಬರುವುದು. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ದುಭಾಷಿಯಾಗಿಟ್ಟು ಅಂಥ ಮಾತು ಹೇಳಿಸಲು ಸಾಧ್ಯವೇ ಇಲ್ಲ. ಕನ್ನಡ ಬಲ್ಲ ನರ್ಸ್ ಅಥವಾ ಸಮಾಲೋಚಕರು ಬೇಕೆಂದು ಕೇಳುವುದಕ್ಕೆ ನಾಚಬೇಡಿ. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಹಣವಿಲ್ಲದೆ ಕರೆ ಮಾಡಬಹುದು. ಭಾಷೆ ಆಯ್ದುಕೊಳ್ಳುವಾಗ ಕನ್ನಡವನ್ನು ಆರಿಸಬಹುದು.

ಚಿಕಿತ್ಸೆ ಎಂದರೆ ಮಾತ್ರೆ ಎಂದೇ ಅರ್ಥವಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳುಹಿಸಿ, ಅವರ ಯೋಚನೆಯ ಕ್ರಮವನ್ನು ನಿಧಾನವಾಗಿ ಬದಲಿಸುವ ಮಾತುಕತೆ ನಡೆಸಿದರು. ಮಗುವಿಗೆ ಆರು ತಿಂಗಳಾದಾಗ ಇವರಲ್ಲಿ ಶೇಕಡಾ 23ರಷ್ಟು ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು; ಈ ಮಾತುಕತೆ ಸಿಗದವರಲ್ಲಿ ಶೇಕಡಾ 53. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ನೋಡಿ ಗೋವಾದಲ್ಲೂ ಊರಿನ ಹೆಂಗಸರ ಮೂಲಕ ಇದನ್ನು ನಡೆಸಿದರು. ಅಲ್ಲಿ ಸಿಕ್ಕ ಪ್ರಯೋಜನ ಸಾಧಾರಣದ್ದು, ಆದರೂ ಸಿಕ್ಕಿತು.

ಮಾತ್ರೆ ಬೇಕಾದವರಿಗೆ ಬಸುರಿನಲ್ಲೂ ಕೊಡಬಹುದಾದ ಔಷಧಗಳಿವೆ. ಮೊದಲಿನಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸುರಾದ ಕೂಡಲೇ ತಾವಾಗಿ ನಿಲ್ಲಿಸುವುದು ಅಪಾಯ. ಸೋಡಿಯಂ ವಾಲ್ಪ್ರೋಯೇಟ್‌ನಂಥ ಕೆಲವು ಮಾತ್ರ ಮಗುವಿಗೆ ಹಾನಿಕರವಾದ್ದರಿಂದ ಮಗು ಬೇಕೆಂದುಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ಒಳಪರೀಕ್ಷೆಗೆ ಹೆದರುವವಳ ಪರವಾಗಿ ಗಂಡನೇ ನರ್ಸಿಗೆ "ಮುಟ್ಟುವ ಮೊದಲು ಹೇಳಿ, ನಿಲ್ಲಿಸೆಂದರೆ ನಿಲ್ಲಿಸಿ" ಎಂದು ತಿಳಿಸಿದರೆ ಸಾಕು, ಕಾರಣ ವಿವರಿಸಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಮನೆಯ ಒಬ್ಬ ಹೆಂಗಸು ಜೊತೆಗಿರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಅನುಮತಿಸಿದೆ. ಯಾರು ಇರಬೇಕೆಂದು ಅವಳೇ ಹೇಳಲಿ.

ಹೆರಿಗೆಯಾಗಿ ಎರಡು ವಾರದೊಳಗೆ ಬಾಣಂತಿ ನಿದ್ದೆಯನ್ನೇ ಮಾಡದೆ, ಅಸಂಬದ್ಧ ಮಾತಾಡುತ್ತ, ಇಲ್ಲದ ಧ್ವನಿ ಕೇಳುತ್ತಿದೆ ಎನ್ನುತ್ತಿದ್ದರೆ ಅದು ಖಿನ್ನತೆಯಲ್ಲ, ಬೇರೆಯೇ ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುತ್ತದೆ. ದೃಷ್ಟಿ ತೆಗೆಯುತ್ತ, ತಾಯಿತ ಕಟ್ಟಿಸುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಚಿಕಿತ್ಸೆ ಕೊಡುವ ವಿಭಾಗವಿದೆ.

ಕೊನೆಯದಾಗಿ ಕೃಷಿಕರಾದ ನಮಗೇ ಸೇರಿದ ಒಂದು ಮಾತು. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಗಳ ಬಾಟಲಿಗಳು ನಮ್ಮ ಹೆಚ್ಚಿನ ಮನೆಗಳಲ್ಲಿ ಅಟ್ಟದ ಮೆಟ್ಟಿಲ ಕೆಳಗೋ ಕೊಟ್ಟಿಗೆಯ ಗೂಡಿನಲ್ಲೋ ಕೈಗೆ ಸಿಗುವಂತೆ ಇರುತ್ತವೆ. ಮನಸ್ಸು ಸೋತವರು ಇರುವ ಮನೆಯಲ್ಲಿ, ಅದು ಗರ್ಭಿಣಿಯಿರಲಿ ಅವಳ ಗಂಡನಿರಲಿ, ಅವು ಒಂದು ದಿನವೂ ಹಾಗೆ ಇರಬಾರದು. ಆ ಯೋಚನೆ ಬಲವಾಗಿರುವುದು ಎಷ್ಟೋ ಸಲ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಬಾಟಲಿ ಸಿಗದಿದ್ದರೆ ಜೀವ ಉಳಿಯುತ್ತದೆ. ಉಳಿದ ಮದ್ದನ್ನು ತೋಟದ ಪಂಪ್‌ಶೆಡ್ಡಿನಲ್ಲಿ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿರಿ. ಬೀಗದ ಕೈ ಮನೆಯ ಇನ್ನೊಬ್ಬರ ಬಳಿ ಇರಲಿ, ಗೋಡೆಯ ಮೊಳೆಯ ಮೇಲೆ ಬೇಡ.